ಶೃಂಗಾರ, ಕರುಣ ಮತ್ತು ಓದುಗನ ವಯಸ್ಸು



ಈ ಉಪನ್ಯಾಸಕ್ಕೆ ಕರೆ ಬಂದಾಗ ವಿಷಯವನ್ನು ನನಗೇ ಬಿಟ್ಟಿದ್ದರು. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದವನು ಹಳಗನ್ನಡದ ಒಬ್ಬ ಕವಿಯನ್ನು ಹಿಡಿದು ಒಂದು ಗಂಟೆಯನ್ನು ನಿರಾತಂಕವಾಗಿ ದಾಟಿಸಬಹುದಿತ್ತು. ಆದರೆ ನಿವೃತ್ತನಾದ ಮೇಲೆ ನಾನು ಒಂದು ಹವ್ಯಾಸ ಹಚ್ಚಿಕೊಂಡಿದ್ದೇನೆ. ಇಪ್ಪತ್ತರ ಆಸುಪಾಸಿನಲ್ಲಿ ಓದಿ, ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿದ್ದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಮತ್ತೆ ಓದುತ್ತಿದ್ದೇನೆ. ಆ ಗುರುತುಗಳು ಬೇರೆ ಯಾರೋ ಹಾಕಿದ ಹಾಗಿವೆ. ಅಂದು ಎರಡೆರಡು ಗೆರೆ ಎಳೆದ ಕಡೆ ಇಂದು ನನಗೆ ನಿಲ್ಲಬೇಕೆನಿಸುವುದಿಲ್ಲ. ಇಂದು ಪುಸ್ತಕ ಮುಚ್ಚಿ ಸುಮ್ಮನೆ ಕೂರುವಂತೆ ಮಾಡುವ ಪುಟಗಳಲ್ಲಿ ಅಂದಿನ ನನ್ನ ಒಂದು ಚುಕ್ಕೆಯೂ ಇಲ್ಲ.

ಇಂದಿನ ಮಾತು ಇದರ ಬಗ್ಗೆ. ಪ್ರೇಮವನ್ನು ಹೇಳುವ ಕೃತಿ, ದುರಂತವನ್ನು ಹೇಳುವ ಕೃತಿ, ಇವುಗಳ ಮುಂದೆ ಕುಳಿತವನಿಗೆ ವಯಸ್ಸಾದಂತೆ ಏನಾಗುತ್ತದೆ? ಮೊದಲು ಎಳೆಯ ಓದುಗನ ಮಾತು, ಆಮೇಲೆ ಕಾಳಿದಾಸನ ಶಾಕುಂತಲ, ಕೊನೆಗೆ ವಯಸ್ಸಾದವರ ಕಣ್ಣೀರಿನ ಬಗ್ಗೆ ನನಗಿರುವ ಒಂದು ಅನುಮಾನ. ನಡುವೆ ದಾರಿ ತಪ್ಪಿದರೆ ಅಧ್ಯಕ್ಷರು ಗಂಟೆ ಬಾರಿಸಬಹುದು.

ಈ ಪ್ರಶ್ನೆ ಹೊಸದಲ್ಲ. ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ಭರತನು ಪ್ರೇಕ್ಷಕರ ರುಚಿಗಳನ್ನು ಹೇಳುವಾಗ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ. ತರುಣರಿಗೆ ಕಾಮದ ಕಥೆ, ವಿರಾಗಿಗಳಿಗೆ ಮೋಕ್ಷದ ಮಾತು, ಶೂರರಿಗೆ ಹೊಡೆದಾಟ, ವೃದ್ಧರಿಗೆ ಧರ್ಮಾಖ್ಯಾನ ಪುರಾಣಗಳು ಹಿಡಿಸುತ್ತವೆ ಎಂಬುದು ಅವನ ಎಣಿಕೆ. ಟಿಕೆಟ್ ಮಾರುವವನ ಕಣ್ಣು ಭರತನಿಗಿತ್ತು. ಆದರೆ ಅವನು ಹೇಳಿದ್ದು ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಕಥೆ ಬೇಕು ಎಂದು. ನನ್ನ ಕುತೂಹಲ ಇರುವುದು ಒಂದೇ ಕಥೆ ಒಬ್ಬನೇ ಮನುಷ್ಯನಿಗೆ ಇಪ್ಪತ್ತರಲ್ಲೊಂದು, ಐವತ್ತರಲ್ಲೊಂದು, ಎಪ್ಪತ್ತರಲ್ಲೊಂದು ಆಗುವುದರಲ್ಲಿ.

ಮಾತು ಮುಂದುವರಿಸುವ ಮುನ್ನ ಒಂದು ಪದದ ವಿಷಯ. ಸಂಸ್ಕೃತದ ಕಾವ್ಯಮೀಮಾಂಸೆಯಲ್ಲಿ ಕರುಣ ಎಂಬ ರಸವುಂಟು, ದುರಂತ ಎಂಬ ನಾಟಕಪ್ರಕಾರ ಇಲ್ಲ. ಕನ್ನಡದಲ್ಲಿ ಆ ಪ್ರಕಾರಕ್ಕೆ ರುದ್ರನಾಟಕ ಎಂಬ ಹೆಸರು ಬೇರೂರಿದ್ದು ಬಿ.ಎಂ. ಶ್ರೀಕಂಠಯ್ಯನವರಿಂದ. 1926ರಲ್ಲಿ ಅವರು ರನ್ನನ ಗದಾಯುದ್ಧವನ್ನು ನಾಟಕವಾಗಿಸಿದರು, 1929ರಲ್ಲಿ ಸೋಫೋಕ್ಲಿಸನ ಅಜಾಕ್ಸ್ ಕಥೆಯನ್ನು ಅಶ್ವತ್ಥಾಮನ್ ಆಗಿಸಿದರು. ಇಂದು ನಾನು ಕರುಣ, ದುರಂತ ಎರಡೂ ಪದಗಳನ್ನು ಸಡಿಲವಾಗಿಯೇ ಬಳಸುತ್ತೇನೆ, ಪಂಡಿತರು ಮನ್ನಿಸಬೇಕು.

ಈಗ ಮೊದಲನೆಯ ಮಾತಿಗೆ ಬರುತ್ತೇನೆ.

ನಾನು ಪದವಿ ತರಗತಿಯಲ್ಲಿದ್ದಾಗ ಗಾಯನ ಸ್ಪರ್ಧೆಯೊಂದರಲ್ಲಿ ಗೆಳೆಯನೊಬ್ಬ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಹಾಡಿದ. ಅದ್ಭುತವಾಗಿ ಹಾಡಿದ. ಬಹುಮಾನವೂ ಬಂತು. ಆ ರಾತ್ರಿ ಹಾಸ್ಟೆಲಿನಲ್ಲಿ ನಮ್ಮ ಚರ್ಚೆಯೆಲ್ಲ ಅವನು ಯಾವ ಸಾಲಿನಲ್ಲಿ ಕುಳಿತ ಯಾರನ್ನು ನೋಡಿ ಹಾಡುತ್ತಿದ್ದ ಎಂಬುದರ ಮೇಲೆಯೇ ನಡೆಯಿತು. ಅದು ಕಣ್ಣೋಟದ ಹಾಡು, ಅಂದಮೇಲೆ ಪ್ರೇಮದ ಹಾಡು. ನಮಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಮಗುವನ್ನು ಕಳೆದುಕೊಂಡ ಗಂಡನೊಬ್ಬ ಹೆಂಡತಿಯ ಕಣ್ಣನ್ನು ಎದುರಿಸಲಾರದೆ ಆಡುವ ಮಾತು ಅದು ಎಂದು ಮುಂದಿನ ವರ್ಷ ಮೇಷ್ಟ್ರು ತರಗತಿಯಲ್ಲಿ ಹೇಳಿದಾಗ, ನಿಜ ಹೇಳಬೇಕೆಂದರೆ, ನಮಗೆ ದುಃಖವಾಗಲಿಲ್ಲ, ನಿರಾಸೆಯಾಯಿತು. ಒಂದು ಒಳ್ಳೆಯ ಪ್ರೇಮಗೀತೆಯನ್ನು ಕೈಯಿಂದ ಕಸಿದುಕೊಂಡ ಹಾಗೆ.

ನಾವು ಕಿವುಡರಾಗಿದ್ದೆವೇ? ಹಾಗೆಂದು ಹೇಳಲಾರೆ. ಹಾಡಿನಲ್ಲಿ ತಡೆಯಲಾರದ ನೋವೊಂದಿದೆ ಎಂಬುದು ನಮ್ಮ ಮೈಗೆ ತಿಳಿದಿತ್ತು. ಆ ನೋವನ್ನು ನಮಗಿದ್ದ ಒಂದೇ ಪಾತ್ರೆಗೆ ಸುರಿದುಕೊಂಡಿದ್ದೆವು. ಹತ್ತೊಂಬತ್ತರ ಹುಡುಗನ ಬಳಿ ಇರುವ ಪಾತ್ರೆ ವಿರಹದ್ದು ಮಾತ್ರ. ಸಾವನ್ನೂ ಅವನು ಅದರಲ್ಲೇ ತುಂಬಿಕೊಳ್ಳಬೇಕು.

ಎಳೆಯ ವಯಸ್ಸಿನವರು ದುರಂತ ಕೃತಿಗಳನ್ನು ಹೇಗೆ ಇಷ್ಟು ಉತ್ಸಾಹದಿಂದ ಓದುತ್ತಾರೆ ಎಂಬುದಕ್ಕೆ ನನಗೆ ಸಿಕ್ಕ ವಿವರಣೆ ಇದು: ಅವರಿಗೆ ದುರಂತವೂ ಶೃಂಗಾರದ ಇನ್ನೊಂದು ಕೋಣೆ. ರೋಮಿಯೋ ಜೂಲಿಯೆಟ್ಟರನ್ನೇ ನೋಡಿ. ಜೂಲಿಯೆಟ್ಟಳಿಗೆ ಇನ್ನೂ ಹದಿನಾಲ್ಕು ತುಂಬಿಲ್ಲ; ನಾಟಕದ ಕಥೆ ಐದು ದಿನದೊಳಗೆ ಮುಗಿದುಹೋಗುತ್ತದೆ. ಹದಿನೆಂಟರಲ್ಲಿ ಅದನ್ನು ಓದಿದಾಗ ಸಮಾಧಿಯ ದೃಶ್ಯ ನನಗೊಂದು ಗೆಲುವಾಗಿ ಕಂಡಿತ್ತು. ಮನೆತನಗಳು ಸೋತವು, ಪ್ರೇಮ ಗೆದ್ದಿತು! ಮೊನ್ನೆ ಓದುವಾಗ ನನ್ನ ಕಣ್ಣೆಲ್ಲ ದಾದಿಯ ಮೇಲೆ, ಮದ್ದು ಕೊಟ್ಟ ಪಾದ್ರಿಯ ಮೇಲೆ. ಈ ಮಕ್ಕಳ ಸುತ್ತ ಇಷ್ಟು ಜನ ದೊಡ್ಡವರಿದ್ದರು. ಒಬ್ಬರಾದರೂ ಸರಿಯಾದ ಹೊತ್ತಿಗೆ ಸರಿಯಾದ ಮಾತು ಹೇಳಿದ್ದರೆ ಎಂಬ ಸಿಟ್ಟು. ಗೆಲುವು ಎಲ್ಲಿಯೂ ಕಾಣಲಿಲ್ಲ.

ಗಯಟೆಯ ಮಾತನ್ನು ಇಲ್ಲಿ ನೆನೆಯಬೇಕು. ವೆರ್ಥರನ ದುಃಖದ ಕಾದಂಬರಿ 1774ರಲ್ಲಿ ಹೊರಬಂದಾಗ ಅವನಿಗೆ ಇಪ್ಪತ್ತೈದು. ಯುರೋಪಿನ ಹುಡುಗರು ವೆರ್ಥರನ ನೀಲಿ ಕೋಟು, ಹಳದಿ ಅಂಗಿ ಹೊಲಿಸಿಕೊಂಡು ತಿರುಗಿದರು. ಐವತ್ತು ವರ್ಷದ ಬಳಿಕ, 1824ರಲ್ಲಿ, ಮುದುಕ ಗಯಟೆ ತನ್ನ ಮಾತುಗಳನ್ನು ಬರೆದಿಡುತ್ತಿದ್ದ ಎಕರ್‌ಮನ್ನನ ಹತ್ತಿರ ಹೇಳಿದ್ದು ದಾಖಲಾಗಿದೆ: ಪ್ರಕಟವಾದ ಮೇಲೆ ಆ ಪುಸ್ತಕವನ್ನು ಒಂದೇ ಸಲ ಓದಿದ್ದೇನೆ, ಮತ್ತೆ ಓದದಂತೆ ಎಚ್ಚರ ವಹಿಸಿದ್ದೇನೆ ಎಂದು. ಅದೇ ಸಂದರ್ಭದಲ್ಲಿ, ಆ ಪುಸ್ತಕ ತನಗಾಗಿಯೇ ಬರೆದದ್ದು ಎನಿಸುವ ಒಂದು ಕಾಲ ಪ್ರತಿಯೊಬ್ಬನ ಬದುಕಿನಲ್ಲಿ ಬಾರದೇ ಹೋದರೆ ಅದು ಕೆಟ್ಟದ್ದು ಎಂಬ ಅರ್ಥದ ಮಾತನ್ನೂ ಅವನು ಆಡಿದ. ಬರೆದವನೇ ತನ್ನ ಎಳೆತನಕ್ಕೆ ಹೆದರುತ್ತಾನೆ, ಆದರೆ ಅದನ್ನು ಅಲ್ಲಗಳೆಯುವುದಿಲ್ಲ. ಮುಂದಿನ ಸಾಲುಗಳಲ್ಲಿ ಕುಳಿತ ನಾವು ಹಿಂದಿನ ಸಾಲುಗಳ ವಿದ್ಯಾರ್ಥಿಗಳ ವಿಷಯದಲ್ಲಿ ಅಷ್ಟು ಉದಾರರಾಗಿರಬಹುದು.

ಇನ್ನು ಎರಡನೆಯದು, ಶಾಕುಂತಲ. ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

ನನ್ನ ಇಪ್ಪತ್ತೊಂದರ ಪ್ರತಿಯಲ್ಲಿ ಗುರುತುಗಳೆಲ್ಲ ಮೊದಲ ಮೂರು ಅಂಕಗಳಲ್ಲಿವೆ: ದುಂಬಿ, ಮುಳ್ಳು ಚುಚ್ಚಿದ ನೆಪ, ತಾವರೆ ಎಲೆಯ ಮೇಲಿನ ಓಲೆ. ನಾಲ್ಕನೆಯ ಅಂಕ ಪರೀಕ್ಷೆಗೆ ಬರುತ್ತದೆಂದು ಓದಿದ್ದೆ. ಐದನೆಯದರಲ್ಲಿ ದುಷ್ಯಂತನ ಮೇಲೆ ಕೋಪದ ಒಂದು ಟಿಪ್ಪಣಿ ಇದೆ, ಇಲ್ಲಿ ಹೇಳುವಂಥದ್ದಲ್ಲ. ಇಪ್ಪತ್ತಾರರಲ್ಲಿ ಮೇಷ್ಟ್ರಾದ ಮೇಲೆ ಕನ್ನಡ ಶಾಕುಂತಲದ ಪಾಠ ನನ್ನ ಪಾಲಿಗೆ ಬಂತು. ನಾಲ್ಕನೆಯ ಅಂಕವನ್ನು ಅಚ್ಚುಕಟ್ಟಾಗಿ ಹೇಳುತ್ತಿದ್ದೆ: ಗಿಡಗಳು ಸೀರೆ ಒಡವೆ ಕೊಟ್ಟದ್ದು, ಜಿಂಕೆಮರಿ ಸೆರಗು ಹಿಡಿದದ್ದು, ಕಾಡಿನಲ್ಲಿರುವ ತನಗೇ ಹೀಗಾದರೆ ಸಂಸಾರಸ್ಥರ ಗತಿಯೇನು ಎಂದು ಕಣ್ವರು ಬೆರಗಾದದ್ದು. ಅಲಂಕಾರ, ಔಚಿತ್ಯ, ಪ್ರಕೃತಿ ಚಿತ್ರಣ. ಹುಡುಗರು ಬರೆದುಕೊಳ್ಳುತ್ತಿದ್ದರು.

ಮೂವತ್ತು ಚಿಲ್ಲರೆ ವರ್ಷ ಕಳೆದು, ನನ್ನ ಮಗಳು ಮದುವೆಯಾಗಿ ದೂರದ ಊರಿಗೆ ಹೊರಟ ವರ್ಷ, ಅದೇ ಪಾಠ ಮತ್ತೆ ಬಂತು. ಇಲ್ಲಿ ಮುಂದೇನಾಯಿತೆಂದು ನೀವು ಊಹಿಸಿಬಿಟ್ಟಿರುತ್ತೀರಿ. ಹೌದು, ಗಂಟಲು ಕಟ್ಟಿತು, ಕನ್ನಡಕ ತೆಗೆದು ಒರೆಸಿಕೊಂಡೆ, ತರಗತಿ ನಿಶ್ಶಬ್ದವಾಯಿತು. ಅವತ್ತು ನಾನು ನನ್ನ ವೃತ್ತಿಜೀವನದ ಅತ್ಯುತ್ತಮ ಪಾಠ ಹೇಳಿದೆ ಎಂದುಕೊಂಡು ಕೊಠಡಿಯಿಂದ ಹೊರಬಂದೆ. ಪಡಸಾಲೆಯಲ್ಲಿ ಒಬ್ಬ ವಿದ್ಯಾರ್ಥಿನಿ ಹಿಂದೆಯೇ ಬಂದಳು. “ಸರ್, ಒಂದು ಕೇಳಲಾ? ನೀವು ಗಂಟೆ ಪೂರ್ತಿ ಕಣ್ವರ ಬಗ್ಗೇನೇ ಹೇಳಿದ್ರಿ. ಹೊರಟಿರೋಳು ಅವಳಲ್ವಾ?”

ಅವಳು ಹೇಳಿದ್ದು ಸರಿ. ಬಸುರಿ ಹುಡುಗಿ, ಕರೆ ಕಳಿಸದ ಗಂಡನ ಮನೆಗೆ ತಾನಾಗಿ ಹೊರಟಿದ್ದಾಳೆ. ದುರ್ವಾಸನ ಶಾಪದ ವಿಷಯ ಗೆಳತಿಯರಿಬ್ಬರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ; ಉಂಗುರ ತೋರಿಸು ಎಂದಷ್ಟೇ ಅವರು ಹೇಳಿ ಕಳಿಸುತ್ತಾರೆ. ನೀರಿನ ದಡದವರೆಗೆ ಬಂದ ಕಣ್ವರು ತಿರುಗಿ ಆಶ್ರಮಕ್ಕೆ ಹೋಗುತ್ತಾರೆ, ಇಟ್ಟ ಒತ್ತೆಯನ್ನು ಒಪ್ಪಿಸಿದಂತೆ ಹಗುರಾಗಿ. ಹಗುರಾಗುವ ಅವಕಾಶ ಶಕುಂತಲೆಗಿಲ್ಲ. ಇಪ್ಪತ್ತೊಂದರಲ್ಲಿ ನಾನು ಕಣ್ವರನ್ನು ನೋಡಿರಲಿಲ್ಲ. ಐವತ್ತೆಂಟರಲ್ಲಿ ಶಕುಂತಲೆಯನ್ನೇ ನೋಡದೆ ಹೋದೆ. ವಯಸ್ಸಾದಂತೆ ಕಾಣುವುದು ಹೆಚ್ಚುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾವು ನೋಡುವ ಕಿಟಕಿ ಬದಲಾಗುತ್ತದೆ, ಅಷ್ಟೇ ಇರಬಹುದು.

ರನ್ನನಲ್ಲಿಯೂ ನನಗೆ ಹೀಗೇ ಆಯಿತು. ಹೆಣಗಳ ನಡುವೆ ನಡೆಯುವ ದುರ್ಯೋಧನನ ಛಲ, ಕರ್ಣನಿಗಾಗಿ ಅವನ ಹಂಬಲ ನನ್ನ ತಾರುಣ್ಯದ ಓದು. ರಣರಂಗಕ್ಕೇ ಬಂದು ಸಂಧಿ ಮಾಡಿಕೋ ಎಂದು ಮಗನನ್ನು ಬೇಡುವ ಧೃತರಾಷ್ಟ್ರ ಗಾಂಧಾರಿಯರ ಮುಂದೆ ನಾನು ನಿಂತದ್ದು ಬಹಳ ತಡವಾಗಿ.

ಆದರೂ ವಯಸ್ಸು ನನಗೆ ಶಾಕುಂತಲದಲ್ಲಿ ಕೊಟ್ಟ ಒಂದು ಉಡುಗೊರೆಯನ್ನು ಹೇಳಲೇಬೇಕು. ಐದನೆಯ ಅಂಕದ ಆರಂಭದಲ್ಲಿ, ಶಕುಂತಲೆ ಆಸ್ಥಾನಕ್ಕೆ ಬರುವ ಮೊದಲು, ಒಳಗಿನಿಂದ ಒಂದು ಹಾಡು ಕೇಳುತ್ತದೆ. ಹಾಡುವವಳು ಹಂಸಪದಿಕೆ. ರಾಜ ಒಮ್ಮೆ ಪ್ರೀತಿಸಿ ಮರೆತವಳು. ಹೊಸ ಹೂವಿನಿಂದ ಹೊಸ ಹೂವಿಗೆ ಹಾರುವ ದುಂಬಿಯ ನೆಪದಲ್ಲಿ ಅವಳು ರಾಜನನ್ನು ಚುಚ್ಚುತ್ತಾಳೆ. ಅವನು ನಕ್ಕು ವಿದೂಷಕನನ್ನು ಅವಳ ಬಳಿ ಸಮಾಧಾನಕ್ಕೆ ಕಳಿಸುತ್ತಾನೆ. ಹೀಗೆ ಶಕುಂತಲೆಯ ಹೆಸರು ಕೇಳಿ ಬಲ್ಲ ಒಬ್ಬನೇ ಒಬ್ಬ ಆ ಸಭೆಯಿಂದ ಹೊರಗಾಗುತ್ತಾನೆ. ಹಂಸಪದಿಕೆ ರಂಗದ ಮೇಲೆ ಬರುವುದೇ ಇಲ್ಲ. ನನ್ನ ಹಳೆಯ ಪ್ರತಿಯಲ್ಲಿ ಆ ಪುಟ ಖಾಲಿ. ಈಗ ನನಗನ್ನಿಸುತ್ತದೆ, ಮೊದಲ ಅಂಕದಲ್ಲಿ ಶಕುಂತಲೆಯ ಮುಖದ ಸುತ್ತ ಹಾರಿದ ದುಂಬಿಗೆ ಕಾಳಿದಾಸ ಉತ್ತರ ಬರೆದದ್ದು ಇಲ್ಲಿ. ಶಾಪದ ನೆಪವಿಲ್ಲದೆಯೂ ಮರೆವು ನಡೆಯುತ್ತದೆ ಎಂದು ಒಂದು ಹಾಡಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದಾನೆ.

ಅದೇ ಹಾಡು ಕೇಳಿ ದುಷ್ಯಂತನಿಗೆ ಕಾರಣವಿಲ್ಲದ ಕಳವಳವಾಗುತ್ತದೆ. ಸುಖವಾಗಿರುವವನೂ ಚೆಲುವಾದದ್ದನ್ನು ಕಂಡು ಕೇಳಿ ಯಾಕೆ ತಳಮಳಿಸುತ್ತಾನೆ, ಹಿಂದಿನ ಜನ್ಮದ ಒಲವು ನೆನಪಾಗುತ್ತದೆಯೋ ಏನೋ ಎಂದುಕೊಳ್ಳುತ್ತಾನೆ. ರಸ ಹುಟ್ಟುವ ಬಗೆಯನ್ನು ವಿವರಿಸುವಾಗ ಅಭಿನವಗುಪ್ತ ಈ ಪದ್ಯವನ್ನೇ ಎತ್ತಿಕೊಳ್ಳುತ್ತಾನೆ. ಇಲ್ಲಿಂದ ನಾನು ಮೂರನೆಯ ಮಾತಿಗೆ ದಾಟುತ್ತೇನೆ.

ನಮ್ಮ ಕಾವ್ಯಮೀಮಾಂಸಕರ ಪ್ರಕಾರ ರಸಕ್ಕೆ ವಾಸನೆ ಬೇಕು, ಅಂದರೆ ಮನಸ್ಸಿನ ತಳದಲ್ಲಿ ಉಳಿದ ಅನುಭವದ ಸಂಸ್ಕಾರ. ಸಾಹಿತ್ಯದರ್ಪಣದ ವಿಶ್ವನಾಥ ಇದನ್ನು ಎರಡು ಮಾಡುತ್ತಾನೆ: ಈ ಜನ್ಮದ ವಾಸನೆ, ಹಿಂದಿನ ಜನ್ಮದ ವಾಸನೆ. ಈ ಜನ್ಮದ್ದು ಬೇಡ ಎನ್ನುವುದಾದರೆ ವೇದಪಾಠಿಗಳಿಗೂ ಮುದಿ ಮೀಮಾಂಸಕರಿಗೂ ರಸ ದಕ್ಕಬೇಕಾಗಿತ್ತಲ್ಲ ಎಂದು ಅವನು ಒಂದು ಕುಟುಕು ಕುಟುಕುತ್ತಾನೆ. ನಿವೃತ್ತ ಪ್ರಾಧ್ಯಾಪಕರನ್ನು ಸೇರಿಸಿಲ್ಲ ಎಂಬುದು ನನಗೆ ಸಮಾಧಾನ.

ಈ ಲೆಕ್ಕದಲ್ಲಿ ವಯಸ್ಸಾದವನೇ ಶ್ರೇಷ್ಠ ಸಹೃದಯನಾಗಬೇಕು. ಅವನಷ್ಟು ವಾಸನೆ ಯಾರಲ್ಲಿದೆ? ಮದುವೆ, ಸಾವು, ಸಾಲ, ಆಸ್ಪತ್ರೆ ಎಲ್ಲವನ್ನೂ ಕಂಡವನು. ಆದರೆ ಅದೇ ಅಭಿನವಗುಪ್ತ ರಸಕ್ಕೆ ಏಳು ವಿಘ್ನಗಳನ್ನೂ ಎಣಿಸಿದ್ದಾನೆ. ಅವುಗಳಲ್ಲಿ ಒಂದು, ಪ್ರೇಕ್ಷಕ ತನ್ನದೇ ಸುಖದುಃಖಕ್ಕೆ ಸಿಕ್ಕಿ ಪರವಶನಾಗಿರುವುದು. ಗಾನ, ವಾದ್ಯ, ರಂಗಮಂಟಪದ ಸೊಗಸು ಇವೆಲ್ಲ ಇರುವುದೇ ಆ ವಿಘ್ನವನ್ನು ಮರೆಸುವುದಕ್ಕೆ ಎಂದು ಅವನ ಅಭಿಪ್ರಾಯ. ನನ್ನ ತರಗತಿಯಲ್ಲಿ ಅವತ್ತು ನಡೆದದ್ದು ಏನು, ವಾಸನೆಯೋ ವಿಘ್ನವೋ? ಎರಡೂ ಒಂದೇ ನೆನಪಿನಿಂದ ಬಂದವು. ಅನುಭವ ಬಾಗಿಲನ್ನು ತೆರೆಯಿತು, ತೆರೆದ ಬಾಗಿಲಿಗೆ ಅಡ್ಡವಾಗಿ ತಾನೇ ನಿಂತಿತು.

ಅರಿಸ್ಟಾಟಲನ ಒಂದು ಮಾತು ಇದಕ್ಕಿಂತ ಕಠಿಣವಾದದ್ದು. ವಾಗ್ಮಿತೆಯನ್ನು ಕುರಿತ ಅವನ ಗ್ರಂಥದ ಎರಡನೆಯ ಭಾಗದಲ್ಲಿ ಯುವಕರ ಸ್ವಭಾವ, ಮುದುಕರ ಸ್ವಭಾವಗಳ ವರ್ಣನೆ ಬರುತ್ತದೆ. ಇಬ್ಬರೂ ಕನಿಕರಪಡುವವರೇ, ಆದರೆ ಕಾರಣ ಬೇರೆ ಎನ್ನುತ್ತಾನೆ. ಯುವಕರು ಮನುಷ್ಯರ ಮೇಲಿನ ಒಲವಿನಿಂದ ಕನಿಕರಪಡುತ್ತಾರೆ. ಮುದುಕರದ್ದು ದುರ್ಬಲತೆಯಿಂದ ಬಂದದ್ದು; ಯಾವ ಕೇಡಾದರೂ ತಮ್ಮ ಮನೆಯ ಹೊಸ್ತಿಲಲ್ಲೇ ಇದೆ ಎಂದು ಅವರಿಗೆ ಅನಿಸುತ್ತಿರುತ್ತದೆ. ಇದನ್ನು ಮೊದಲು ಓದಿದಾಗ ಒಪ್ಪಿದ್ದೆ. ಈಗ ಓದಿದರೆ ಸಿಟ್ಟು ಬರುತ್ತದೆ, ಆದ್ದರಿಂದ ಅದರಲ್ಲಿ ಏನೋ ನಿಜವಿರಬೇಕು.

ಲಿಯರ್ ದೊರೆಯ ನಾಟಕ ಇದಕ್ಕೆ ಒರೆಗಲ್ಲು. ಮಾಸ್ತಿಯವರು ಕನ್ನಡಕ್ಕೆ ತಂದ ಈ ನಾಟಕದ ನಾಯಕ ಎಂಬತ್ತು ದಾಟಿದವನು. ಕೊನೆಯಲ್ಲಿ ಸತ್ತ ಮಗಳು ಕಾರ್ಡೀಲಿಯಾಳನ್ನು ತೋಳಿನಲ್ಲಿ ಹೊತ್ತು ತರುತ್ತಾನೆ. ಸ್ಯಾಮ್ಯುಯೆಲ್ ಜಾನ್ಸನ್ ಎಳೆಯ ವಯಸ್ಸಿನಲ್ಲಿ ಇದನ್ನು ಓದಿ ಎಷ್ಟು ಕಂಗೆಟ್ಟನೆಂದರೆ, ಷೇಕ್ಸ್‌ಪಿಯರನ ಕೃತಿಗಳ ಸಂಪಾದನೆ ತಲೆಯ ಮೇಲೆ ಬೀಳುವವರೆಗೆ ಆ ಕೊನೆಯ ದೃಶ್ಯಗಳತ್ತ ಮತ್ತೆ ತಿರುಗಲಿಲ್ಲವಂತೆ. 1765ರ ತನ್ನ ಆವೃತ್ತಿಯಲ್ಲಿ ತಾನೇ ಹೇಳಿಕೊಂಡಿದ್ದಾನೆ. ಆ ಕಾಲದ ಪ್ರೇಕ್ಷಕರೂ ಅದನ್ನು ತಾಳಲಾರದವರೇ. ನೇಹಮ್ ಟೇಟ್ ಎಂಬವನು 1681ರಲ್ಲಿ ಕಾರ್ಡೀಲಿಯಾಳನ್ನು ಉಳಿಸಿ ಮದುವೆ ಮಾಡಿಸಿದ ಪಾಠವೇ ಸುಮಾರು ಒಂದೂವರೆ ಶತಮಾನ ರಂಗದ ಮೇಲೆ ಮೆರೆಯಿತು.

ಟಾಲ್‌ಸ್ಟಾಯ್ ಎಪ್ಪತ್ತೈದರಲ್ಲಿ ಷೇಕ್ಸ್‌ಪಿಯರನನ್ನು ಪೂರ್ತಿ ಮತ್ತೆ ಓದಿ, ತರುಣನಾಗಿದ್ದಾಗ ಆದಷ್ಟೇ ಜುಗುಪ್ಸೆ ಈಗಲೂ ಆಯಿತು ಎಂದು ಬರೆದ. ಅವನ ಬೈಗುಳಕ್ಕೆ ಮುಖ್ಯ ಗುರಿ ಲಿಯರ್. 1910ರಲ್ಲಿ, ಎಂಬತ್ತೆರಡರ ಆ ಮುದುಕ ರಾತ್ರೋರಾತ್ರಿ ಮನೆ ಬಿಟ್ಟು ಹೊರಟು ಅಸ್ತಾಪೊವೊ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಸತ್ತ. ಕೊನೆಗಾಲಕ್ಕೆ ಜೊತೆಗಿದ್ದವರಲ್ಲಿ ನಿಷ್ಠೆಯ ಒಬ್ಬ ಮಗಳು. ಲಿಯರ್ ಜೊತೆಗಿನ ಈ ಹೋಲಿಕೆಯನ್ನು ಗುರುತಿಸಿ ಆರ್ವೆಲ್ 1947ರಲ್ಲಿ ಒಂದು ಪ್ರಬಂಧ ಬರೆದಿದ್ದಾನೆ. ತನ್ನ ಬಾಳಿನ ಕಥೆ ಮೊದಲೇ ಅಚ್ಚಾಗಿದ್ದರೆ ಅದನ್ನು ಯಾರು ತಾನೇ ಮೆಚ್ಚಿ ಓದಿಯಾರು?

ಡಾರ್ವಿನ್ನನ ಕಥೆ ನನಗೆ ಇನ್ನೂ ಹತ್ತಿರದ್ದು. ಬೀಗಲ್ ಹಡಗಿನ ಯಾನದಲ್ಲಿ ಒಳನಾಡಿಗೆ ಹೋಗುವಾಗ ಒಂದೇ ಪುಸ್ತಕ ಒಯ್ಯಬಹುದಾದರೆ ಅವನು ಮಿಲ್ಟನ್ನನನ್ನು ಒಯ್ಯುತ್ತಿದ್ದ. ಅರುವತ್ತೇಳರಲ್ಲಿ ಆತ್ಮಕಥೆ ಬರೆಯುವ ಹೊತ್ತಿಗೆ ಕವಿತೆಯ ಒಂದು ಸಾಲನ್ನೂ ಸಹಿಸಲಾರದವನಾಗಿದ್ದ, ಷೇಕ್ಸ್‌ಪಿಯರ್ ಓಕರಿಕೆ ತರಿಸುವಷ್ಟು ಬೇಸರ ಎನಿಸುತ್ತಿದ್ದ. ಕಾದಂಬರಿಗಳ ಮೋಹ ಉಳಿದಿತ್ತು. ಮನೆಯವರು ಓದಿ ಹೇಳಬೇಕು, ಕಥೆ ಸುಖವಾಗಿ ಮುಗಿಯಬೇಕು. ದುಃಖದಲ್ಲಿ ಮುಗಿಯುವ ಕಾದಂಬರಿಗಳ ವಿರುದ್ಧ ಕಾನೂನು ಆಗಬೇಕು ಎಂದು ಅರ್ಧ ತಮಾಷೆಯಾಗಿ ಬರೆದ. ತನ್ನ ಮಿದುಳಿನ ಒಂದು ಭಾಗ ಬಳಕೆಯಿಲ್ಲದೆ ಸೊರಗಿತು ಎಂದು ಅವನು ಮರುಗಿದ್ದಾನೆ. ನನಗೆ ಇನ್ನೊಂದು ಕಾರಣ ತೋರುತ್ತದೆ. ಅವನ ಹಿರಿಯ ಮಗಳು ಆ್ಯನಿ 1851ರಲ್ಲಿ ಹತ್ತು ವರ್ಷದವಳಾಗಿದ್ದಾಗ ತೀರಿಕೊಂಡಳು. ಅಂಥವನಿಗೆ ಕಾರ್ಡೀಲಿಯಾಳ ಸಾವನ್ನು ಕಲೆಯೆಂದು ಸವಿ ಎಂದು ಹೇಳುವ ಧೈರ್ಯ ನನಗಂತೂ ಇಲ್ಲ. ರುಚಿ ಕೆಟ್ಟಿರಲಾರದು, ಚರ್ಮ ತೆಳುವಾಗಿರಬಹುದು.

ನಾನು ಇದನ್ನು ಮೊದಲು ಕಂಡದ್ದು ಪುಸ್ತಕಗಳಲ್ಲಲ್ಲ. ನಮ್ಮೂರ ಗುಡಿಯಲ್ಲಿ ಕುಮಾರವ್ಯಾಸ ಭಾರತದ ವಾಚನ ನಡೆಯುತ್ತಿತ್ತು. ಗಮಕಿಗಳು ದ್ರೋಣಪರ್ವಕ್ಕೆ ಬಂದು, ಅಭಿಮನ್ಯು ಚಕ್ರವ್ಯೂಹ ಹೊಗುತ್ತಿದ್ದಂತೆ ನನ್ನ ತಾಯಿ ಎದ್ದು ನಿಲ್ಲುತ್ತಿದ್ದಳು. “ಒಲೆ ಮೇಲೆ ಹಾಲಿಟ್ಟು ಬಂದಿದೀನಿ” ಎಂದು ಹೊರಟೇಬಿಡುತ್ತಿದ್ದಳು. ಪ್ರತಿ ಸಲವೂ ಅದೇ ಹಾಲು. ಹುಡುಗನಾದ ನನಗೆ ನಾಚಿಕೆ. ಕಥೆಯ ಅತ್ಯಂತ ರೋಚಕ ಭಾಗದಲ್ಲಿ ಅಡುಗೆಮನೆ ನೆನೆಯುವ ಹೆಂಗಸಿಗೆ ಕಾವ್ಯದ ಗಂಧವಿಲ್ಲ ಎಂದುಕೊಂಡಿದ್ದೆ. ಜಾನ್ಸನ್ನನ ಮಾತನ್ನು ಎಂ.ಎ. ತರಗತಿಯಲ್ಲಿ ಓದಿದ ದಿನ ನನಗೆ ಆ ಹಾಲು ನೆನಪಾಯಿತು.

ಮುಗಿಸುವ ಮುನ್ನ ಭವಭೂತಿಯ ಬಳಿ ಒಂದು ಗಳಿಗೆ ನಿಲ್ಲಬೇಕು. ಉತ್ತರರಾಮಚರಿತದ ಮೊದಲ ಅಂಕದಲ್ಲಿ ರಾಮ ಸೀತೆಯರು ತಮ್ಮದೇ ಕಳೆದ ದಿನಗಳ ಚಿತ್ರಗಳನ್ನು ನೋಡುತ್ತಾರೆ. ದಣಿದ ಸೀತೆ ಅವನ ತೋಳಿನ ಮೇಲೆ ನಿದ್ರೆ ಹೋಗುತ್ತಾಳೆ. ಆಗ ರಾಮ ಸುಖದುಃಖಗಳೆರಡರಲ್ಲೂ ಒಂದೇ ಆಗಿರುವ, ಮುಪ್ಪು ಕೂಡ ಕದಿಯಲಾರದ ರಸವುಳ್ಳ ಒಲವೊಂದನ್ನು ವರ್ಣಿಸುತ್ತಾನೆ. ದಾಂಪತ್ಯದ ಬಗ್ಗೆ ಇಷ್ಟು ಮಾಗಿದ ಮಾತು ಸಂಸ್ಕೃತದಲ್ಲಿ ಇನ್ನೊಂದಿದೆಯೇ, ನಾನರಿಯೆ. ಮದುವೆಯ ಕರೆಯೋಲೆಗಳಲ್ಲಿ ಅಚ್ಚು ಹಾಕಿಸಲು ತಕ್ಕದ್ದು. ಆದರೆ ಆ ಮಾತಿನ ಬೆನ್ನಿಗೇ ಗೂಢಚಾರ ದುರ್ಮುಖ ಒಳಗೆ ಬರುತ್ತಾನೆ, ಊರಿನ ಅಪವಾದವನ್ನು ಹೊತ್ತು. ತೋಳಿನ ಮೇಲೆ ಮಲಗಿದವಳನ್ನು ರಾಮ ಅಲ್ಲಿಯೇ ಬಿಟ್ಟು ಏಳುತ್ತಾನೆ. ಮುಪ್ಪು ಕದಿಯಲಾರದ್ದನ್ನು ಅವನು ತಾನೇ ಕೈಯಾರೆ ತೆಗೆದಿಡುತ್ತಾನೆ. ಎಳೆಯನಾಗಿದ್ದಾಗ ನನಗೆ ಆ ಪದ್ಯ ಶೃಂಗಾರ, ಮುಂದಿನದು ಕರುಣ. ನಡುವೆ ಒಂದು ಗೆರೆ. ಈಗ ಓದಿದರೆ ಗೆರೆ ಸಿಗುವುದಿಲ್ಲ. ಪದ್ಯ ಓದುವಾಗಲೇ ಬಾಗಿಲ ಬಳಿ ಹೆಜ್ಜೆಯ ಸದ್ದು ಕೇಳಿರುತ್ತದೆ.

ತಾಯಿಯ ಕಥೆ ಇನ್ನೂ ಸ್ವಲ್ಪ ಬಾಕಿಯಿದೆ. ಆಕೆಗೆ ಎಪ್ಪತ್ತೆಂಟು ನಡೆಯುತ್ತಿದ್ದ ವರ್ಷ ಮಳೆ ಕೈಕೊಟ್ಟಿತು. ಮಳೆಗಾಗಿ ವಿರಾಟಪರ್ವ ಓದಿಸುವುದು ನಮ್ಮ ಕಡೆಯ ರೂಢಿ. ಕೊನೆಯ ದಿನ ಉತ್ತರೆ ಅಭಿಮನ್ಯುವಿನ ಮದುವೆಯ ಭಾಗ. ಗುಡಿಯಲ್ಲಿ ಮಾವಿನ ತೋರಣ, ಪಾನಕ, ಕೋಸಂಬರಿ, ಓಡಾಡುವ ಮಕ್ಕಳು, ಗಮಕಿಗಳೂ ಉತ್ಸಾಹದಲ್ಲಿದ್ದರು. ಪಕ್ಕಕ್ಕೆ ತಿರುಗಿ ನೋಡಿದರೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ.

“ಮದುವೇಲಿ ಅಳೋದೇನಮ್ಮ?” ಎಂದೆ. ಆಗ ನಾನು ರಸಸಿದ್ಧಾಂತ ಪಾಠ ಮಾಡುತ್ತಿದ್ದ ಪ್ರಾಧ್ಯಾಪಕ.

“ಆ ಮಗೂಗೆ ಏನು ಗೊತ್ತೋ, ಪಾಪ. ಮುಂದಿಂದೆಲ್ಲ ನಮಗೆ ಗೊತ್ತು.”

ನಾನು ಹಾಲಿನ ಮಾತಿಗಾಗಿ ಕಾದೆ. ಬರಲಿಲ್ಲ. ಮಂಗಳ ಹಾಡುವವರೆಗೂ ಕೂತಿದ್ದಳು, ಕೈಯಲ್ಲಿ ಅಕ್ಷತೆ ಹಿಡಿದುಕೊಂಡು. ಆಮೇಲೆ ನನ್ನ ಭುಜ ತಟ್ಟಿ ಹೇಳಿದಳು: “ಏಳು, ಹೋಗಿ ಕೋಸಂಬರಿ ಇಸ್ಕೊಂಡು ಬಾ. ಹುಡುಗರು ಮುಗಿಸಿಬಿಡ್ತಾವೆ.”